ಸಕ್ರವ್ವ ತಾಯಿಯವರು ಸೋದರತ್ತೆಯನ್ನು ಕರೆಸಿದ್ದು

ನೂಲಗೇರಿಯಿಂದ ರೈಲು ಸ್ಟೇಶನ್ನಿಗೆ ಹೋಗುವ ರಸ್ತೆಯ ಅಂಚಿಗೆ ಸರಕಾರದವರು ಬಿಟ್ಟುಹೋದ ಒಂದು ಜಕಾತಿ ನಾಕಾ ಇತ್ತು. ಹಿಂದೆ ಊರೊಳಗೆ ಬರುವ ಚಕ್ಕಡಿಗಳನ್ನು ತಡೆದು ಸುಂಕ ವಸೂಲು ಮಾಡುತ್ತಿದ್ದ ಒಂದೇ ಖೋಲಿಯ ಕಟ್ಟಡ. ಅದರಲ್ಲಿ ಮಾತೋಶ್ರೀ ಸಕ್ರವ್ವ ತಾಯಿಯವರು ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ಗದ್ದುಗೆಯಿಲ್ಲ, ಪಲ್ಲಕ್ಕಿಯಿಲ್ಲ, ಪಾದಪೂಜೆಯಂತೂ ಇಲ್ಲವೇ ಇಲ್ಲ. ಒಂದು ಚಾಪೆ, ನೀರಿನದೊಂದು ಹರವಿ, ಒಂದು ಸೂಜಿ. ಊರವರು ತಂದುಕೊಟ್ಟ ಹಳೆಯ ಸೀರೆ ಧೋತರಗಳನ್ನು ಜೋಡಿಸಿ ಬಡವರಿಗೆ ಕೌದಿ ಹೊಲಿದು ಕೊಡುವುದೇ ಅವರ ಪೂಜೆ, ಅದೇ ಅವರ ಪ್ರವಚನ.

ಬೇರೆ ಊರುಗಳ ಮಹಾತ್ಮರು ನೀರಿನ ಮೇಲೆ ನಡೆಯುತ್ತಾರಂತೆ, ಹುಲಿಯ ಬೆನ್ನೇರಿ ಬರುತ್ತಾರಂತೆ. ಬರಲಿ, ಪಾಪ. ನಮ್ಮ ತಾಯಿಯವರು ಅಂಥ ಸಣ್ಣಪುಟ್ಟ ಕೆಲಸಗಳಿಗೆ ಕೈಹಾಕಿದವರಲ್ಲ. ಅವರು ನೂಲಗೇರಿಯ ಹಿರಿಯರ ಬಾಯಿ ಮುಚ್ಚಿಸಿದರು. ಹುಲಿಯನ್ನೂ ನಮ್ಮ ಹಿರಿಯರನ್ನೂ ಹತ್ತಿರದಿಂದ ಕಂಡವರು, ಎರಡರಲ್ಲಿ ಯಾವುದು ಕಠಿಣವೆಂದು ತಾವೇ ನಿರ್ಣಯಿಸಬೇಕು.

ಆ ಕಾಲಕ್ಕೆ ನಾಕಾದ ಮುಂದೆ ದಿನಕ್ಕೆ ನಾಲ್ಕು ಸಲ ಹಾಯುತ್ತಿದ್ದವನು ಟಾಂಗಾ ಭರಮಪ್ಪ. ಮಂದಿಯನ್ನು ರೈಲಿಗೆ ಮುಟ್ಟಿಸುವುದು ಅವನ ಉದ್ಯೋಗ. ನಡುವಿನ ಮೂರು ಮೈಲಿ ಸುಳ್ಳು ಹೇಳುವುದು ಅವನ ಧರ್ಮ. ಅವನ ಕುದುರೆ ಒಮ್ಮೆ ರೈಲನ್ನು ಹಿಂದೆ ಹಾಕಿ, ಮುಂದಿನ ಸ್ಟೇಶನ್ನಿನಲ್ಲಿ ನಿಂತು, ಇಂಜಿನ್ ಡ್ರೈವರನಿಗೆ "ಯಾಕ ತಡಾ ಆತು?" ಎಂದು ಕೇಳಿತ್ತಂತೆ. ಅವನೇ ಹೇಳಿದ್ದು, ಆದ್ದರಿಂದ ನಿಜವೇ ಇರಬೇಕು. ಸಾಧುಸಂತರೆಂದರೆ ಮಾತ್ರ ಅವನಿಗೆ ಅಷ್ಟಕ್ಕಷ್ಟೆ. "ಕೌದಿ ಹೊಲದ್ರ ಮೋಕ್ಷ ಸಿಗೂದಿದ್ರ ನಮ್ಮೂರ ದರ್ಜಿ ಎಂದೋ ಕೈಲಾಸ ಸೇರತಿದ್ದ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಮಾತು ತಾಯಿಯವರ ಕಿವಿಗೂ ಬಿದ್ದಿತ್ತು. ಅವರೂ ನಕ್ಕಿದ್ದರು.

ಭರಮಪ್ಪನ ಅಕ್ಕ ಬಾಳವ್ವ ಗಂಡ ಸತ್ತ ಮೇಲೆ ಮಗಳು ತುಂಗವ್ವನನ್ನು ಕಟ್ಟಿಕೊಂಡು ತಮ್ಮನ ಮನೆ ಸೇರಿದ್ದಳು. ಹುಡುಗಿ ಹತ್ತನೆಯ ವರ್ಷಕ್ಕೆ ಶಾಲೆ ಬಿಟ್ಟು ಇರಸಂಗಪ್ಪ ಸಾವಕಾರ್ರ ಮಗ್ಗದ ಕಾರ್ಖಾನೆಯಲ್ಲಿ ಕಂಡಿಕೆ ಸುತ್ತಲು ಕುಳಿತಳು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಕಂಡಿಕೆ ಸುತ್ತುವವರು ಹೆಂಗಸರು, ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂಡುವವರು ಗಂಡಸರು. ಸೀರೆಗೆ ಹೆಸರು ಬಂದರೆ ಅದು ಮಗ್ಗಕ್ಕೆ ಕೂತವನದು.

ಹದಿನಾರನೆಯ ವಯಸ್ಸಿನಲ್ಲಿ ತುಂಗವ್ವ ಬಸುರಾದಳು. ತನಗೇನಾಗಿದೆಯೆಂದು ತಿಳಿಯುವಷ್ಟು ತಿಳಿವಳಿಕೆಯನ್ನೂ ಆ ಹುಡುಗಿಗೆ ಯಾರೂ ಕೊಟ್ಟಿರಲಿಲ್ಲ. ನಾಲ್ಕು ತಿಂಗಳು ಹೊಟ್ಟೆಬ್ಯಾನಿ ಎಂದು ಅಜವಾನದ ಕಾಳು ಅಗಿದಳು. ಐದನೆಯ ತಿಂಗಳಿಗೆ ಅವಳಿಗಿಂತ ಮೊದಲು ಊರಿಗೆ ಗೊತ್ತಾಯಿತು.

ನೇಕಾರ ಸಮಾಜದ ಪಂಚಾಯತಿಗೆ ನಮ್ಮ ಕಡೆ ದೈವ ಎನ್ನುತ್ತಾರೆ. ಐದು ಮಂದಿ ಹಿರಿಯರು ಕಟ್ಟೆಯ ಮೇಲೆ ಕೂತರೆ ದೈವ ಕೂಡಿತು ಎಂದರ್ಥ. ಉಳಿದ ಕಡೆ ಕೋರ್ಟುಗಳು ಒಂದು ತಪ್ಪು ಹುಡುಕಲು ಹತ್ತು ವರ್ಷ ತಿಣುಕುತ್ತವೆ. ನಮ್ಮ ದೈವಕ್ಕೆ ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತು ಸಾಕು, ಪಾಪಿ ಹೆಣ್ಣಾಗಿದ್ದರೆ. ಯಾಕೆ ನಕ್ಕೆ, ಯಾಕೆ ಹೂ ಮುಡಿದೆ, ಸಂಜೆಯ ತನಕ ಕಾರ್ಖಾನೆಯಲ್ಲಿ ಯಾಕಿದ್ದೆ ಎಂದು ಆ ಮಗುವಿಗೆ ನಲವತ್ತು ಪ್ರಶ್ನೆ ಕೇಳಿದರು. ಸಂಜೆಯ ತನಕ ಅವಳನ್ನು ನಿಲ್ಲಿಸಿಕೊಂಡವನು ಯಾರು ಎಂಬ ಒಂದನ್ನು ಕೇಳಲಿಲ್ಲ. ಯಾಕೆ ಕೇಳಬೇಕು? ಎಲ್ಲರಿಗೂ ಗೊತ್ತಿತ್ತು. ಕಟ್ಟೆಯ ನಡುಗಂಬಕ್ಕೆ ಒರಗಿ ಕೂತಿದ್ದವರೇ ಇರಸಂಗಪ್ಪ ಸಾವಕಾರ್ರು. ಲಗ್ನವಾಗುತ್ತೇನೆಂದು ಹುಡುಗಿಯನ್ನು ನಂಬಿಸಿದವನು ಅವರ ಮಗ, ಇಪ್ಪತ್ಮೂರು ವರ್ಷದ ಮುರಿಗೆಪ್ಪ. ದೈವ ಕೂಡುವುದಕ್ಕೆ ಒಂದು ವಾರ ಮೊದಲೇ ಅವನು ವ್ಯಾಪಾರ ಕಲಿಯಲೆಂದು ದೂರದ ಪಟ್ಟಣಕ್ಕೆ ರೈಲು ಹತ್ತಿದ್ದ. ಅವನು ಹೋದದ್ದು ಪ್ರಗತಿ. ಅವಳು ಉಳಿದದ್ದು ಪಾಪ.

ತೀರ್ಪು ಬಂತು. ಹುಡುಗಿ ಹೆರುವ ತನಕ ಹೊಸ್ತಿಲು ದಾಟಬಾರದು. ಹುಟ್ಟಿದ ಕೂಸಿಗೆ ಊರಲ್ಲಿ ತೊಟ್ಟಿಲು ಹಾಕಬಾರದು. ಹದಿಮೂರು ದಿನದೊಳಗೆ ಪಟ್ಟಣದ ಅನಾಥಾಶ್ರಮಕ್ಕೆ ಮುಟ್ಟಿಸಬೇಕು. ಹುಡುಗಿಯನ್ನು ಎರಡು ಸ್ಟೇಶನ್ನಿನಾಚೆಯ, ಐವತ್ತೆರಡು ವರ್ಷದ, ಹೆಂಡತಿ ಸತ್ತವನೊಬ್ಬನಿಗೆ ಕಟ್ಟಬೇಕು. ಅವನು ದೊಡ್ಡ ಮನಸ್ಸಿನವನೆಂದು ಹಿರಿಯರು ಬಹಳ ಹೊಗಳಿದರು. ಭರಮಪ್ಪ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿದ್ದ. ತುಂಗವ್ವ ಒಮ್ಮೆ ತಲೆಯೆತ್ತಿ ಮಾವನ ಕಡೆ ನೋಡಿದಳು. ಮೂರು ಲೋಕದ ಸುದ್ದಿ ಹೇಳುವ ಬಾಯಿ ಅಂದು ಬಿಚ್ಚಲಿಲ್ಲ.

ಹುಟ್ಟಿದ್ದು ಹೆಣ್ಣು. ಎಂಟನೆಯ ದಿನ ಬೆಳಿಗ್ಗೆ ಭರಮಪ್ಪ ಬಾಣಂತಿಯನ್ನೂ ಕೂಸನ್ನೂ ಟಾಂಗಾದಲ್ಲಿ ಕೂಡಿಸಿಕೊಂಡು ರೈಲಿಗೆ ಹೊರಟ. ಒಂದೇ ಪ್ರಯಾಣದಲ್ಲಿ ಕೂಸು ಆಶ್ರಮಕ್ಕೆ, ತಾಯಿ ಮುದುಕನ ಮನೆಗೆ. ಕೂಸು ಕಿರುಚಿ ಅಳುತ್ತಿತ್ತು. ತುಂಗವ್ವ ಅದರ ಕಡೆ ನೋಡುತ್ತಿರಲಿಲ್ಲ. ಹೆತ್ತ ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದವಳು. ಕುಡಿಸು ಎಂದರೆ ಕುಡಿಸುವಳು, ಕೊಡು ಎಂದರೆ ಕೊಡುವಳು.

ನಾಕಾದ ಮುಂದೆ ಬಂದದ್ದೇ ಕುದುರೆ ನಿಂತುಬಿಟ್ಟಿತು. ಇದನ್ನು ಪವಾಡವೆಂದು ಬರೆಯಲು ಕೈ ತುರಿಸುತ್ತದೆ. ಆದರೆ ತಾಯಿಯವರು ದಿನಾಲೂ ಅದಕ್ಕೆ ಒಂದು ಬೊಗಸೆ ಕಡಲೆಹೊಟ್ಟು ಇಡುತ್ತಿದ್ದರು, ಕುದುರೆಗೆ ಹಸಿವೆಯಾಗಿತ್ತು. ತಾಯಿಯವರು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದು ಬಂದರು.

"ಯಾರ ಕೂಸೋ ಭರಮಾ?"

"ನಮ್ಮ ತುಂಗೀದ್ರಿ, ಅವ್ವಾರ."

"ಅದು ಅರ್ಧಾ ಆತು. ಇನ್ನರ್ಧ ಯಾರದು?"

ಭರಮಪ್ಪ ಲಗಾಮು ಜಗ್ಗಿದ. ಕುದುರೆ ಹೊಟ್ಟು ಬಿಟ್ಟು ಕದಲಲಿಲ್ಲ. "ಆ ಸುದ್ದಿ ದೈವದಾಗ ಮುಗದೈತ್ರಿ. ಬಿಡ್ರಿ ಅವ್ವಾರ, ರೈಲಿಗೆ ತಡಾ ಆಗತೈತಿ."

"ನಿನ್ನ ಕುದುರಿ ರೈಲ ಹಿಂದ ಹಾಕತೈತಂತಲ್ಲ. ನಿಂದರು ಜರಾ."

ತಾಯಿಯವರು ಟಾಂಗಾದ ಹಿಂದಕ್ಕೆ ಹೋದರು. ಕೂಸಿನ ಮೇಲೆ ಕೈಯಾಡಿಸಿ, ಹುಡುಗಿಯ ಮುಖ ನೋಡಿ ಕೇಳಿದರು: "ನಿನಗೇನು ಬೇಕವಾ, ನನ್ನವ್ವಾ?"

ತುಂಗವ್ವ ಪರದೇಶದ ಭಾಷೆ ಕೇಳಿದವಳ ಹಾಗೆ ಕಣ್ಣು ಬಿಟ್ಟಳು. ಒಂಬತ್ತು ತಿಂಗಳಲ್ಲಿ ದೈವ ಕೇಳಿದ್ದು ನಲವತ್ತು, ಸೂಲಗಿತ್ತಿ ಕೇಳಿದ್ದು ಹತ್ತು, ಓಣಿಯವರು ಕೇಳಿದ್ದು ಎಣಿಸಿದವರಿಲ್ಲ. ಈ ಪ್ರಶ್ನೆಯನ್ನು ಮಾತ್ರ, ಭೂಮಿಯ ಮೇಲೆ ಹುಟ್ಟಿದ ಒಬ್ಬರೂ ಅವಳಿಗೆ ಕೇಳಿರಲಿಲ್ಲ.

"ನಿದ್ದಿ" ಎಂದಳು.

ತಾಯಿಯವರು ಕೂಸನ್ನು ಎತ್ತಿಕೊಂಡು, ಹುಡುಗಿಯ ಕೈಹಿಡಿದು ಇಳಿಸಿ, ತಮ್ಮ ಚಾಪೆಯ ಮೇಲೆ ಮಲಗಿಸಿ, ಅರ್ಧ ಹೊಲಿದ ಕೌದಿಯನ್ನೇ ಹೊದಿಸಿದರು. ಹದಿನಾರು ವರ್ಷದ ಆ ಕೂಸು ಮರುದಿನ ಮಧ್ಯಾಹ್ನದ ತನಕ ಮಲಗಿತು. ಎಂಟು ದಿನದ ಕೂಸು ಹಸಿದು ಅತ್ತಾಗಷ್ಟೇ ಹಾಲೂಡಿಸಲು ಕಣ್ಣು ತೆರೆಯಿತು.

ಇತ್ತ ಭರಮಪ್ಪ ಬಾಗಿಲಲ್ಲಿ ನಿಂತು ಚಡಪಡಿಸುತ್ತಿದ್ದ. ತಾಯಿಯವರು ಕೂಸನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತ ಅವನ ತಲೆಯ ಕಡೆ ನೋಡಿದರು.

"ರುಮಾಲು ಭಾಳ ಛಲೋ ಐತಿ. ಎಲ್ಲೀದು?"

ಇಂಥ ಪ್ರಶ್ನೆ ಅವನಿಗೆ ಹಬ್ಬದೂಟ. "ಇದೇನ್ರಿ ಅವ್ವಾರ! ಒಬ್ಬ ಸಂಸ್ಥಾನಿಕರು ನನ್ನ ಕುದುರಿ ಓಟ ನೋಡಿ ಆನಿ ಮ್ಯಾಲಿಂದ ಇಳದು ಬಂದು..." ಎಂದು ಶುರುಮಾಡಿದ. ತಾಯಿಯವರು ಅಹುದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂಸಿನ ಬೆನ್ನು ತಟ್ಟುತ್ತಲೇ ಇದ್ದರು. ಆನೆಯಿಂದಿಳಿದ ಸಂಸ್ಥಾನಿಕರು ನಾಲ್ಕು ಹೆಜ್ಜೆ ನಡೆದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟರು. ಜೀವಮಾನದಲ್ಲಿ ಮೊದಲ ಬಾರಿಗೆ ಭರಮಪ್ಪನ ಸುಳ್ಳು ನಡುದಾರಿಯಲ್ಲಿ ಸತ್ತಿತು.

ಅವನು ನೆಲಕ್ಕೆ ಕುಸಿದು ಕುಳಿತ.

"ಮುರಿಗೆಪ್ಪ ಕೊಟ್ಟದ್ರಿ. ಅಂವನ್ನ ರೈಲಿಗೆ ಮುಟ್ಟಿಸಿದಾಂವ ನಾನ. ಹಾಡೇಹಗಲ, ಟ್ರಂಕಿನ ಸಮೇತ. ನನಗೆಲ್ಲಾ ಗೊತ್ತಿತ್ತು. ಸ್ಟೇಶನ್ನಿನ್ಯಾಗ ಇದನ್ನ ಕೈಯಾಗಿಟ್ಟು, 'ಕಾಕಾ, ಬಾಯಿ ಮ್ಯಾಲೂ ಒಂದ ಸುತ್ತು ಸುತಗೋ' ಅಂದ. ಸುತಗೊಂಡ್ನಿರಿ. ದೈವದಾಗ ಆ ಹುಡುಗಿ ನನ್ನ ಕಡೆ ನೋಡಿದಾಗೂ ಇದ ರುಮಾಲಿತ್ತು ತಲಿ ಮ್ಯಾಲ."

ರುಮಾಲನ್ನು ಬಿಚ್ಚಿ ತಾಯಿಯವರ ಮುಂದೆ ಹಾಕಿದ. "ಸುಟ್ಟ ಬಿಡ್ರಿ ಇದನ್ನ."

"ಅರಿವಿ ಏನ ತಪ್ಪ ಮಾಡೈತೋ?" ಎಂದರು ತಾಯಿಯವರು. ಆ ಹನ್ನೆರಡು ಮೊಳದ ಬಟ್ಟೆಯನ್ನು ನಾಕಾದ ಜಂತಿಗೆ ಅವನ ಕೈಯಿಂದಲೇ ಕಟ್ಟಿಸಿದರು, ಕೂಸನ್ನು ಅದರೊಳಗೆ ಮಲಗಿಸಿದರು. ಆಮೇಲೆ ಹೇಳಿದರು: "ಹದಿಮೂರನೇ ದಿವಸಕ್ಕ ಇಲ್ಲೇ ತೊಟ್ಟಲ ಹಾಕೂದು. ಸೋದರತ್ತೀನ ಕರದ ಬಾ."

ಭರಮಪ್ಪ ಒಂದು ಹೆಜ್ಜೆ ಹಿಂದೆ ಸರಿದ. ತೊಟ್ಟಿಲಿನ ದಿನ ಕೂಸಿನ ಕಿವಿಯಲ್ಲಿ ಹೆಸರು ಊದುವವಳು ಸೋದರತ್ತೆ, ಎಂದರೆ ತಂದೆಯ ಅಕ್ಕ ಅಥವಾ ತಂಗಿ. ಅವಳು ಕುರ್‍ರ್ ಎಂದು ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಸೋದರತ್ತೆಯನ್ನು ಕರೆಯುವುದೆಂದರೆ ಕೂಸಿನ ಅಪ್ಪ ಯಾರೆಂದು ಊರಿನ ನಡುವೆ ನಿಂತು ಕೂಗಿದಂತೆ. ತೊಟ್ಟಿಲಿಗೆ ಕರೆಯಲು ತಂದ ಕುಂಕುಮವನ್ನು ಕೂಸಿನ ನಂಟರು ಒಲ್ಲೆವೆಂದರೆ ಆ ಮನೆಯ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲವೆಂದು ನಂಬಿದ ಊರು ನಮ್ಮದು. ನಂಟಿದ್ದರೆ ಕಡು ವೈರಿಯೂ ಬೆರಳಿಗೆ ಹಚ್ಚಿಕೊಂಡೇ ಕಳಿಸುತ್ತಾನೆ.

"ನಾ ಹೇಳಿದ್ರ ಯಾರ ನಂಬತಾರ್ರಿ ಅವ್ವಾರ? ನಾ ಸುಳ್ಳ."

"ಅದಕ್ಕ ನಿನ್ನ ಕಳಸತೀನಿ" ಎಂದು ತಾಯಿಯವರು ಕುಂಕುಮದ ಬಟ್ಟಲನ್ನು ಅವನ ಕೈಗಿಟ್ಟರು.

ಅಂದೇ ಮಧ್ಯಾಹ್ನ, ಬರಿತಲೆಯಲ್ಲಿ, ಭರಮಪ್ಪ ಟಾಂಗಾವನ್ನು ಸಾವಕಾರ್ರ ಮನೆಯ ಮುಂದೆ ನಿಲ್ಲಿಸಿದ. ಪಡಸಾಲೆಯಲ್ಲಿ ಸಾವಕಾರ್ರೊಂದಿಗೆ ದೈವದ ಹಿರಿಯರು ಚಹಾ ಕುಡಿಯುತ್ತಿದ್ದರು. ನ್ಯಾಯ ಮಾಡಿ ಮಾಡಿ ಪಾಪ ಗಂಟಲು ಒಣಗಿರಬೇಕು.

"ಅಕ್ಕಾರಾ! ದಾಕ್ಷಾಯಣಿ ಅಕ್ಕಾರಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. "ಹೊರಗ ಬರ್ರಿ, ತೊಟ್ಟಲಿಗೆ ಕರೀಲಿಕ್ಕೆ ಬಂದೀನಿ!"

ದಾಕ್ಷಾಯಣಿ ಸಾವಕಾರ್ರ ಹಿರಿಯ ಮಗಳು, ಮುರಿಗೆಪ್ಪನ ಅಕ್ಕ. ಒಂದಾದ ಮೇಲೊಂದು ಮೂರು ಹೆಣ್ಣು ಹೆತ್ತಳೆಂಬ ಅಪರಾಧಕ್ಕೆ ಗಂಡನ ಮನೆಯವರು ಅವಳನ್ನು ತವರಿಗೆ ಅಟ್ಟಿದ್ದರು. ಗಂಡಸಿಗೆ ಏನೂ ಆಗದಂತೆ ಜಗತ್ತನ್ನು ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಾರೆ ನೋಡಿ: ಲಗ್ನವಾಗಿ ಹೆತ್ತರೂ ಅವಳದೇ ತಪ್ಪು, ಲಗ್ನವಿಲ್ಲದೆ ಹೆತ್ತರೂ ಅವಳದೇ ತಪ್ಪು.

ಸಾವಕಾರ್ರು ಕಪ್ಪು ಇಟ್ಟು ಎದ್ದು ನಿಂತರು. "ಏ ಟಾಂಗಾದವನ! ಯಾರ ಮನಿ ಮುಂದ ನಿಂತು ಏನ ಒದರಾಕತ್ತಿ?"

"ಕೂಸಿನ ಸೋದರತ್ತೀನ ಅಕಿ ತವರಮನಿಗೇ ಬಂದು ಕರೀಬೇಕಲ್ರಿ, ಸಾವಕಾರ್ರ. ನಮ್ಮ ತುಂಗಿ ಮಗಳಿಗೆ ತೊಟ್ಟಲ."

ಹಿರಿಯರಲ್ಲೊಬ್ಬರು ಕೈಬೀಸಿ ನಕ್ಕರು. "ಬಿಡ್ರಿ ಸಾವಕಾರ್ರ, ಇಂವನ ಮಾತೇನ ಹಚಗೋತೀರಿ. ಕುದುರಿ ಕಡಿಂದ ಮಾತಾಡಿಸಿದ ಮಗಾ!" ಪಡಸಾಲೆ ಗೊಳ್ಳೆಂದಿತು. ಅಂಗಡಿಗಳಿಂದ ಇಣುಕಿದವರೂ ನಕ್ಕರು.

ಭರಮಪ್ಪನಿಗೆ ಕುದುರೆಯೇರಿ ಓಡಿಹೋಗಬೇಕೆನಿಸಿತು. ಆದರೂ ನಿಂತ. "ಹೌದ್ರಿ, ನಾ ಸುಳ್ಳ. ಊರಿಗೇ ಗೊತ್ತೈತಿ. ನಾ ಹೇಳೂದು ಸುಳ್ಳಿದ್ರ ಅಕ್ಕಾರು ಈ ಕುಂಕುಮ ಮುಟ್ಟೂದಿಲ್ಲ. ನೋಡಿಬಿಡೂಣು."

ನಗೆ ನಿಂತಿತು. ಒಳಮನೆಯ ಬಾಗಿಲಲ್ಲಿ ದಾಕ್ಷಾಯಣಿ ಕಾಣಿಸಿಕೊಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿರಿಯರ ನಡುವೆಯೇ ಹಾದು, ಮೆಟ್ಟಿಲಿಳಿದು ಬಂದಳು.

"ದಾಕ್ಷಾಯಣೀ! ಒಳಗ ನಡಿ!"

"ಕುಂಕುಮ ಒಲ್ಲೆ ಅನಬಾರದಪ್ಪಾ" ಎಂದಳು ಅವಳು, ತಂದೆಯ ಕಡೆ ತಿರುಗದೆ. ಬೆರಳದ್ದಿ ಹಣೆಗೆ ಹಚ್ಚಿಕೊಂಡಳು. "ಯಾವತ್ತೋ ಭರಮಣ್ಣಾ, ತೊಟ್ಟಲ?"

ಹದಿಮೂರನೆಯ ದಿನ ನಾಕಾದ ಮುಂದೆ ನಿಲ್ಲಲು ಜಾಗವಿರಲಿಲ್ಲ. ಭಕ್ತಿಯಿಂದ ಬಂದವರು ಎಷ್ಟೋ, ಮಜಾ ನೋಡಲು ಬಂದವರು ಎಷ್ಟೋ, ಅದು ಶಿವನಿಗೇ ಗೊತ್ತು. ದಾಕ್ಷಾಯಣಿ ತನ್ನ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ನಡೆದೇ ಬಂದಳು. ಮನೆತನದಲ್ಲಿ ಸತ್ತ ಹಿರಿಯಳ ಹೆಸರನ್ನು ಹುಟ್ಟಿದ ಹೆಣ್ಣುಕೂಸಿಗೆ ಇಡುವುದು ನಮ್ಮ ರೂಢಿ. ಅವಳು ಕೂಸಿನ ಕಿವಿಗೆ ಬಾಯಿಟ್ಟು ಊದಿದ ಹೆಸರು ಬಸಲಿಂಗವ್ವ. ಇರಸಂಗಪ್ಪ ಸಾವಕಾರ್ರನ್ನು ಹೆತ್ತ ತಾಯಿಯ ಹೆಸರು! ಇನ್ನು ಮೇಲೆ ಸಾವಕಾರ್ರು ಆ ಕೂಸಿಗೆ ಬೈದರೆ ಹೆತ್ತವ್ವನಿಗೇ ಬೈದಂತೆ.

ಕುರ್‍ರ್ ಎಂದದ್ದೇ ತಡ, ಹೆಂಗಸರ ಗುದ್ದುಗಳು ಬಿದ್ದವು. ಮೊದಲಿನ ನಾಲ್ಕು ನಗೆಯ ಗುದ್ದು. ಆಮೇಲಿನವು ಹಾಗಿರಲಿಲ್ಲ. ಹಿಂದೆ ನಿಂತ ಹೆಂಗಸರು ಮುಂದೆ ನುಗ್ಗಿ ಬಂದರು. ಮುರಿಗೆಪ್ಪನ ಮೇಲಿನ ಸಿಟ್ಟು, ದೈವದ ಮೇಲಿನ ಸಿಟ್ಟು, ಒಬ್ಬೊಬ್ಬರ ಎದೆಯಲ್ಲಿ ಯಾವ ಕಾಲದಿಂದಲೋ ಕೂತ ಸಿಟ್ಟು ಮುಷ್ಟಿಗೆ ಇಳಿದಿತ್ತು. ದಾಕ್ಷಾಯಣಿ ತುಟಿ ಕಚ್ಚಿ ಬೆನ್ನು ಬಾಗಿಸಿದಳು.

"ಸಾಕು!" ತಾಯಿಯವರು ಎದ್ದು ನಡುವೆ ಬಂದು ಅವಳ ಬೆನ್ನಿನ ಮೇಲೆ ತಮ್ಮ ಕೈಯಿಟ್ಟರು. "ಅಂವನ ಪೆಟ್ಟೂ ಹೆಣ್ಣಿನ ಬೆನ್ನಿಗೇ ಏನು? ಉಳದದ್ದನ್ನ ಅಂವಗ ಇಡ್ರಿ."

ಮುಷ್ಟಿಗಳು ಸಡಿಲಾದವು. ಯಾರೋ ನಕ್ಕರು, ಅವರೇ ಆಮೇಲೆ ಅತ್ತರು.

ಆ ಹೊತ್ತಿಗೆ ಹಿರಿಯರು ಬಂದರು. ಅವರಿಗೊಂದು ಉಪಾಯ ಹೊಳೆದಿತ್ತು. ಮನೆತನದ ಹೆಸರೇ ಕೂಸಿಗೆ ಬಂದ ಮೇಲೆ ಮರ್ಯಾದೆ ಉಳಿಯುವ ದಾರಿ ಒಂದೇ: ಮುರಿಗೆಪ್ಪನನ್ನು ಕರೆಸಿ ತಾಳಿ ಕಟ್ಟಿಸಿಬಿಡುವುದು. ಮುದುಕನ ಸಂಬಂಧ ರದ್ದು. ಸಾವಕಾರ್ರು ತಲೆತಗ್ಗಿಸಿ ಒಪ್ಪಿದ್ದರು. ಭರಮಪ್ಪನ ಕಣ್ಣಲ್ಲಿ ನೀರು ಬಂತು. ಗೆದ್ದೆವೆಂದು ಎರಡೂ ಕೈ ಜೋಡಿಸಿದ.

"ಅಕೀನ್ನ ಕೇಳೀರೇನು?" ಎಂದರು ತಾಯಿಯವರು.

"ಅಕೀನ್ನೇನ ಕೇಳೂದ್ರಿ ತಾಯೀ? ಮಡ್ಲಾಗ ಕೂಸೈತಿ. ಗಂಡ ಸಿಕ್ಕರ ಅಕಿ ಪುಣ್ಯ."

ಇಪ್ಪತ್ತೆರಡು ವರ್ಷದಲ್ಲಿ ತಾಯಿಯವರ ಧ್ವನಿ ಏರಿದ್ದನ್ನು ಕೇಳಿದವರಿಲ್ಲ. ಅಂದು ಏರಿತು. "ಹೊಟ್ಟಿ ಅಕೀದು, ಬ್ಯಾನಿ ಅಕೀದು, ಬಾಳೇವು ಅಕೀದು. ಕೇಳೂದು ಮಾತ್ರ ಊರ ಗಂಡಸ್ರನ್ನ!"

ಎಲ್ಲರೂ ತುಂಗವ್ವನ ಕಡೆ ತಿರುಗಿದರು. ಐದು ದಿನದ ನಿದ್ದೆ ಮತ್ತು ಅನ್ನ ಹುಡುಗಿಯ ಕಣ್ಣಿಗೆ ಸ್ವಲ್ಪ ಬೆಳಕು ತಂದಿತ್ತು. ಬಟ್ಟೆಯ ತೊಟ್ಟಿಲಿಗೆ ಒಂದು ಕೈ ಹಿಡಿದು ನಿಂತಿದ್ದಳು. ಮೊನ್ನೆಯಷ್ಟೇ ಅವಳು ತಾನಾಗಿ ಕೂಸಿನ ಮುಖ ನೋಡಲು ಶುರುಮಾಡಿದ್ದಳು, ಯಾರೂ ನೋಡೆಂದು ಹೇಳದೆ ಇದ್ದದ್ದಕ್ಕೆ.

"ಅಂವ ನನಗ ಬ್ಯಾಡ" ಎಂದಳು. "ಕೂಸು ನನ್ನ ಕಡೆ ಇರಲಿ. ಕಂಡಿಕಿ ಇನ್ನ ಸುತ್ತೂದಿಲ್ಲ. ನಾ ಮಗ್ಗಕ್ಕ ಕೂಡತೀನಿ."

ಬಸುರಿಗೆ ಇಷ್ಟು ಬೆಚ್ಚದ ಹಿರಿಯರು ಈ ಮಾತಿಗೆ ಬೆಚ್ಚಿದರು. ಹೆಂಗಸು ಮಗ್ಗದ ಕುಣಿಗೆ ಇಳಿಯುವುದೇ? ಎಲ್ಲಿಯಾದರೂ ಉಂಟೇ? ಎಲ್ಲರೂ ಭರಮಪ್ಪನನ್ನು ಹಿಡಿದರು. "ಮನಿ ಗಂಡಸ ನೀನು. ಹೇಳು, ಏನಂತಿ?"

ಭರಮಪ್ಪ ತಾಯಿಯವರ ಮುಖ ನೋಡಿದ. ಅವರು ಚಾಪೆಗೆ ಮರಳಿ ಸೂಜಿಗೆ ದಾರ ಪೋಣಿಸುತ್ತಿದ್ದರು, ತಲೆಯೆತ್ತಲಿಲ್ಲ. ತುಂಗವ್ವನ ಮುಖ ನೋಡಿದ. ಅಂದು ದೈವದಲ್ಲಿ ನೋಡಿದ ಹಾಗೆಯೇ ಅವಳು ಅವನನ್ನೇ ನೋಡುತ್ತಿದ್ದಳು. ಅವನು ಟಾಂಗಾ ಹತ್ತಿ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವನ ಮನೆಯಿಂದ ನೆಲ ಅಗೆಯುವ ಸಪ್ಪಳ ಕೇಳಿಬಂತು. ಹಿರಿಯರು ಓಡಿಬಂದು ನೋಡಿದರೆ, ಪಡಸಾಲೆಯ ನಟ್ಟನಡುವೆ, ಟೊಂಕದ ತನಕ ಕುಣಿಯೊಳಗಿಳಿದು ಭರಮಪ್ಪ ಹಾರೆ ಹಾಕುತ್ತಿದ್ದ. ಬಾಳವ್ವ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದಳು. ಹತ್ತು ಸುಳ್ಳಾದರೂ ಹೇಳಿ ಜಾರಿಕೊಳ್ಳುತ್ತಾನೆಂದು ಹಿರಿಯರು ಕಾದರು. ಅವನು ಒಂದೂ ಹೇಳಲಿಲ್ಲ.

"ಭರಮಾ, ಬುದ್ಧಿ ನೆಟ್ಟಗೈತೇನೋ? ಹೆಂಗಸು ಮಗ್ಗಕ್ಕ ಕೂತ್ರ ನೂಲು ಹರೀತೈತಿ!"

"ಹರೀಲಿ ಬಿಡ್ರಿ. ಗಂಟ ಹಾಕಾಕ ಅಕಿಗೆ ಬರತೈತಿ."

"ದೈವದ ಮಾತು ಮೀರತೀಯಾ?"

ಭರಮಪ್ಪ ಬೆವರು ಒರೆಸಿಕೊಂಡು ಅವರ ಕಾಲಿನ ಕಡೆ ನೋಡಿದ. "ಜರಾ ಸರೀರಿ ಹಿರಿಯರ. ಮಣ್ಣ ಚಲ್ಲಬೇಕು."

ಮಣ್ಣಿನ ಮೊದಲ ಹಿಡಿ ಧೋತರದ ಅಂಚಿಗೆ ಸಿಡಿಯಿತು. ಹಿರಿಯರು ಸರಿದರು.